ಹೆಪ್ಪು

ಕುದಿಸಿ ಕುಡಿಯಿರಿ ಎಂದು ಇಷ್ಟು ವರ್ಷ
ಮನೆಮನೆಗೆ ಹೋಗಿ ಹೇಳಿದವಳು ನಾನೇ.
ಕಾಲರಾ ಬಂದಾಗ ಆ ಮಾತು ನಿಜವಿತ್ತು.
ಈ ಹಸಿರಿಗೆ ಬೆಂಕಿಯ ಭಯವಿಲ್ಲ,
ಕುದಿದಷ್ಟೂ ನೀರು ಆರುತ್ತದೆ, ವಿಷ ಪಾತ್ರೆಯಲ್ಲೇ ಕೂರುತ್ತದೆ
ಎಂದು ಕಿಸುಮುವಿನಿಂದ ಬಂದ ಹುಡುಗಿ ಹೇಳಿದಾಗ
ಒಲೆ ಊದುತ್ತಿದ್ದ ನ್ಯಾಗುಡಿಯ ಹೆಂಡತಿ
ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ.

ನ್ಯಾಂಡೋ ಹೊಳೆ ಕಬ್ಬಿನ ಗದ್ದೆಗಳ ಗೊಬ್ಬರವನ್ನೆಲ್ಲ
ತೊಳೆದು ತಂದು ಕೊಲ್ಲಿಗೆ ಸುರಿಯುತ್ತದೆ.
ಗಾಳಿ ಬಿದ್ದ ಮೂರನೆಯ ಬೆಳಗ್ಗೆ
ಸರೋವರ, ಗೋಡೆಗೆ ಬಳಿಯುವ ಬಣ್ಣ.
ದೋಣಿಯ ಹೊಟ್ಟೆಗೆ ಹಸಿರು, ಹುಟ್ಟಿಗೆ ಹಸಿರು,
ಒಮೆನಾ ಒಣಹಾಕಿದ ಬಲೆಯಂಚಿಗೂ ಹಸಿರು.
ಒಚೋಲಾನ ನಾಯಿ ದಡದಲ್ಲಿ ನೆಕ್ಕಿ
ಮಧ್ಯಾಹ್ನದೊಳಗೆ ಕಾಲು ಚಾಚಿತು.
ಹದಿನೇಳು ಮರಿ ಹೆತ್ತ ನಾಯಿ.

ನನ್ನ ಸುಪರ್ದಿಗೆ ಎರಡು ತೊಟ್ಟಿ.
ಒಂದು ಹೊಸದು: ತೊಳೆದು ತೊಳೆದು ಹಲ್ಲಿನಂತೆ ಬಿಳಿಚಿದ ಮರಳು.
ಒಂದು ಹಳೆಯದು: ಮರಳ ಮೇಲೆ ಕಂದು ಲೋಳೆಯ ಚರ್ಮ,
ಮುಟ್ಟಿದರೆ ಮೀನಿನ ಕಿವಿರು,
ಮೂಸಿದರೆ ಮಳೆಯಲ್ಲಿ ಮರೆತ ಬುಟ್ಟಿ.
ಎರಡರಿಂದಲೂ ಇಳಿಯುವ ನೀರು ಗಾಜಿನಷ್ಟು ತಿಳಿ.
ಹುಡುಗಿ ಎರಡಕ್ಕೂ ಕಾಗದದ ಪಟ್ಟಿ ಅದ್ದಿದಳು.
ಬಸುರು ನೋಡುವ ಪಟ್ಟಿಯಂಥದ್ದೇ; ಇಲ್ಲಿ ಮಾತ್ರ
ಎರಡನೆಯ ಗೆರೆ ಮೂಡಿದರೆ ಕುಡಿಯಬಹುದು,
ಮೂಡದಿದ್ದರೆ ವಿಷ.
ಹೊಸ ತೊಟ್ಟಿಗೆ ಗೆರೆ ಬರಲಿಲ್ಲ.

ಏಳು ಮಣಿಯ ಬಳೆಯಂತೆ ಆ ವಿಷ.
ಬಳೆಯಾಗಿರುವ ತನಕ ಹೊಟ್ಟೆಗೆ ಜಗ್ಗುವುದಿಲ್ಲ,
ನೇರ ಲಿವರಿಗೆ ಹೋಗಿ ಮನೆ ಮಾಡುತ್ತದೆ.
ಲೋಳೆಯೊಳಗಿನದು ಯಾವುದೋ ಬಂದು
ಒಂದೇ ಕಡೆ, ಗಂಟು ಇರುವ ಕಡೆ, ಕಚ್ಚುತ್ತದೆ.
ಬಳೆ ದಾರವಾಗುತ್ತದೆ.
ದಾರ ತುಂಡು, ತುಂಡು ಮಣಿ, ಮಣಿ ಊಟ.
ಕಣ್ಣಿಗೇ ಕಾಣದ್ದಕ್ಕೆ
ಅಷ್ಟು ನಾಜೂಕಿನ ಹಲ್ಲು.

ಮರುದಿನ ಸಮಿತಿಯ ಅಧ್ಯಕ್ಷ ಒಕುಮು ಬಂದ,
ಬ್ಲೀಚಿಂಗ್ ಪುಡಿಯ ಡಬ್ಬ ಹೊತ್ತು.
ಗುರುವಾರ ದೊಡ್ಡವರು ನೋಡಲು ಬರುತ್ತಾರಂತೆ,
ಹಳೆಯ ತೊಟ್ಟಿಯನ್ನು ತಿಕ್ಕಿ ಥಳಥಳ ಮಾಡಬೇಕಂತೆ.
ಬೀಗದ ಕೈ ಕಳೆದಿದೆ ಅಂದೆ.
ಅದು ನನ್ನ ಕೊರಳಲ್ಲೇ ತೂಗುತ್ತಿತ್ತು, ಅವನೂ ಕಂಡ.
ಡಬ್ಬ ಇಳಿಸಿ ಹೋದ.

ನನ್ನ ಅಜ್ಜಿ ಹಾಲಿನ ಸೋರೆಬುರುಡೆಯನ್ನು
ಎಂದೂ ಪೂರ್ತಿ ತೊಳೆದವಳಲ್ಲ.
ತಳದಲ್ಲಿ ನಿನ್ನೆಯದು ಒಂದಿಷ್ಟು ಇರಲಿ,
ಇಲ್ಲವಾದರೆ ನಾಳೆಯ ಹಾಲಿಗೆ ದಾರಿ ತೋರಿಸುವವರು ಯಾರು?
ನೆರೆಯವರು ಹೆಪ್ಪು ಕೇಳಲು ಬಂದರೆ
ಜಗಳವಾಡಿದ ದಿನವೂ ಕೊಟ್ಟಳು,
ಮುಖ ಆ ಕಡೆ ತಿರುಗಿಸಿ.
ಆ ರಾತ್ರಿ ಹಳೆಯ ತೊಟ್ಟಿಯಿಂದ ಒಂದು ಬಕೆಟ್ ಮರಳೆತ್ತಿ
ಹೊಸದರ ಮೇಲೆ ಅಂಗೈಯಿಂದ ಸವರಿದೆ.
ಮೇಲೆ ಹಸಿರು ನೀರನ್ನೇ ಬಿಟ್ಟೆ. ಉಣ್ಣಲಿ.

ಹಾಲಿಗಾದರೆ ಒಂದು ರಾತ್ರಿ ಸಾಕು.
ಇದಕ್ಕೆ ಹನ್ನೊಂದು ದಿನ ಹಿಡಿಯಿತು.
ಅಷ್ಟೂ ದಿನ ಒಂದೇ ತೊಟ್ಟಿ, ತಲೆಗೆ ಅರ್ಧ ಕೊಡ,
ಸಾಲಿನಲ್ಲಿ ನನ್ನ ಹೆಸರು ಹಿಡಿದು ಬೈಗುಳ.
ಹನ್ನೆರಡನೆಯ ಬೆಳಗ್ಗೆ ಗೆರೆ ಬಂತು,
ಬಂತೋ ಇಲ್ಲವೋ ಅನ್ನುವಷ್ಟು ತೆಳ್ಳಗೆ.
ನ್ಯಾಗುಡಿಯ ಹೆಂಡತಿ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು.
'ಇದೆ' ಅಂದಳು.
ಕೊಡವನ್ನು ಮಾತ್ರ ಹಳೆಯ ನಲ್ಲಿಗೇ ಹಿಡಿದಳು.

ಅವಕ್ಕೆ ನಮ್ಮ ಮೇಲೆ ಮಮತೆಯೇನಿಲ್ಲ.
ಹಸಿವು, ಅಷ್ಟೇ.
ಗಾಳಿ ಎದ್ದು ಹಸಿರು ಚದುರಿದ ಮೇಲೆ
ಏನು ತಿಂದು ಬದುಕುತ್ತವೆ ಎಂದು ಕೇಳಿದೆ.
ಸಿಕ್ಕಿದ್ದನ್ನು, ಅಂದಳು ಹುಡುಗಿ, ಪಟ್ಟಿಗಳನ್ನು ಚೀಲಕ್ಕೆ ತುಂಬುತ್ತ.
ಆದರೆ ಈ ರುಚಿ ಮರೆತರೂ ಮರೆಯಬಹುದು.
ಬಸ್ಸು ಬಂತು.

ಒಕುಮು ಬಿಟ್ಟುಹೋದ ಡಬ್ಬದ ಮೇಲೆ ಕೂತಿದ್ದೇನೆ.
ಕೂರಲು ಚೆನ್ನಾಗಿದೆ.
ಉಗುರ ಸಂದಿಯಲ್ಲಿ ಇನ್ನೂ ಕಂದು ಲೋಳೆ.
ಒಳಗಿನಿಂದ ಊಟಕ್ಕೆ ಕರೆದರು;
ಬಲಗೈ ತೊಳೆದೆ.